ಕೆಂಪು ದಾಸವಾಳದ ಪಾಳಿ

ನಮ್ಮ ದ್ವೀಪ ದೇಶದ ರಾಜಧಾನಿ ಅಪಿಯಾದಲ್ಲಿ ಮದ್ದು ಮಾರಿ ಹೆಸರಾದವರು ಹಲವರಿದ್ದಾರೆ. ಕೇಳಿದ ಮದ್ದನ್ನು ಕೊಡದೆ ಕಳುಹಿಸಿಯೂ ಜನರ ಪ್ರೀತಿಯನ್ನು ಉಳಿಸಿಕೊಂಡವರು ಶ್ರೀಮತಿ ಲೂಪೆ ಫೌಲಾಲೊ ಅವರು. ಸವಾಯಿ ದ್ವೀಪದ ಆಸ್ಪತ್ರೆಯಲ್ಲಿ ಔಷಧ ತಜ್ಞೆಯಾಗಿ ಸೇವೆ ಆರಂಭಿಸಿ, ಮುಂದೆ ಮಾರುಕಟ್ಟೆ ಬದಿಯ ನಮ್ಮ ಔಷಧ ಅಂಗಡಿಗೆ ಬಂದ ಅವರು ಈಗ ನಿವೃತ್ತರಾಗುತ್ತಿದ್ದಾರೆ. ಅವರ ಪಕ್ಕದಲ್ಲಿ ನಿಂತು ಕೆಲಸ ಕಲಿತ ನನಗೆ ಈ ಬರಹ ಸಂತೋಷದ್ದು; ಹೇಳಬೇಕಾದುದೇನಾದರೂ ಬಿಟ್ಟುಹೋದೀತೆಂಬ ಅಳುಕೂ ಇದೆ.

ನೆಗಡಿ ಕೆಮ್ಮಿನ ಸಿರಪ್ ಕೇಳಿದವರ ಬಳಿ ಮೊದಲು ರೋಗಿಯ ವಯಸ್ಸು ವಿಚಾರಿಸಬೇಕು, ಆರು ತುಂಬದ ಮಗುವಿಗಾದರೆ ಕೊಡಬಾರದು, ಬಾಟಲಿಯ ಅಳತೆ ಮುಚ್ಚಳ ಬಿಟ್ಟು ಅಡುಗೆ ಚಮಚ ಹಿಡಿಯದಂತೆ ಹೇಳಬೇಕು ಎಂದು ಅವರು ನನಗೆ ಕಲಿಸಿದರು. ಕೊನೆಯ ಪ್ರಶ್ನೆ ಮಾತ್ರ ಅವರದೇ: "ಮನೇಲಿ ಇನ್ಯಾರು ಕೊಟ್ರು?"

ಆ ಪ್ರಶ್ನೆಯ ಬೆಲೆ ನನಗೆ ತಿಳಿದದ್ದು, ಮಲೀಆ ಎಂಬ ಅಜ್ಜಿ ಏಳು ವರ್ಷದ ಮೊಮ್ಮಗಳು ಫೆತೂಳನ್ನು ಹೆಗಲಿಗೆ ಹಾಕಿಕೊಂಡು ಬಂದ ದಿನ. ಮಗು ಮಂಪರಿನಲ್ಲಿತ್ತು. ಚೀಲದಲ್ಲಿ ಆಕ್ಲೆಂಡ್‌ನಲ್ಲಿರುವ ಅಜ್ಜಿಯ ಮಗಳು ಕಳಿಸಿದ ಬಾಟಲಿಗಳಿದ್ದವು.

"ಇನ್ನೊಂದು ಬಾಟ್ಲಿ ಕೊಡವ್ವಾ. ಇದು ಮುಗೀತಾ ಬಂತು, ಕೆಮ್ಮು ಮುಗೀಲಿಲ್ಲ."

"ಅಜ್ಜಿ, ನಿಮ್ಮನ್ನ ಬಿಟ್ಟು ಇನ್ಯಾರು ಕೊಟ್ರು?" ಲೂಪೆಯವರು ಕೇಳಿದರು.

"ಯಾಕೆ ಕೊಡಲ್ಲ? ಇವಳೇನು ಅನಾಥಳಾ? ದೊಡ್ಡಮ್ಮ ಕೊಟ್ಟಿರ್ತಾಳೆ, ಈ ಚಿಕ್ಕಮ್ಮ ಸಿಆ ಕೊಟ್ಟಿರ್ತಾಳೆ."

ಹಿಂದೆ ನಿಂತಿದ್ದ ಸಿಆ ಮೆಲ್ಲಗೆ ಹೇಳಿದಳು: "ನಾನು ಅದರ ಜೊತೆ ಜ್ವರದ್ದೂ ಹಾಕ್ದೆ."

"ನಿಂದೊಂದು ಅತಿ!" ಎಂದಳು ಅಜ್ಜಿ.

ನಮ್ಮಲ್ಲಿ ಮಗು ಮನೆಯವರೆಲ್ಲರದು. ತನ್ನ ಕೈಯಿಂದ ಒಂದು ಗುಟುಕು ಕುಡಿಸದವಳಿಗೆ ಅಕ್ಕರೆಯಿಲ್ಲ ಎಂದೇ ಲೆಕ್ಕ. ಲೂಪೆಯವರು ಎರಡು ಬಾಟಲಿಗಳನ್ನು ಅಕ್ಕಪಕ್ಕ ಇಟ್ಟು ಓದಿದರು. ಎರಡರಲ್ಲೂ ಪ್ಯಾರಾಸಿಟಮಾಲ್ ಇತ್ತು. ಮಿತಿ ಮೀರಿದರೆ ಅದು ಯಕೃತ್ತನ್ನೇ ಕೆಡಿಸುತ್ತದೆ. ಅವರು ಯಾರನ್ನೂ ಗದರಲಿಲ್ಲ. ಅಂಗಡಿಯನ್ನು ನನಗೆ ಒಪ್ಪಿಸಿ, ಬಾಟಲಿಗಳ ಸಮೇತ ಮಗುವನ್ನು ತಮ್ಮ ಕಾರಿನಲ್ಲೇ ಆಸ್ಪತ್ರೆಗೆ ಕರೆದೊಯ್ದರು. ನಾನು ಗಿರಾಕಿಗಳಿಗಿಂತ ಬಾಗಿಲನ್ನೇ ಹೆಚ್ಚು ನೋಡಿದೆ. ರಕ್ತ ಪರೀಕ್ಷೆಯಾಗಿ, ತಡಮಾಡದೆ ಚಿಕಿತ್ಸೆ ಸಿಕ್ಕಿ, ಫೆತೂ ಉಳಿದಳು.

ಅವಳು ಮನೆಗೆ ಮರಳಿದಾಗ ಲೂಪೆಯವರೂ ಹೋದರು. ಅಂಗಳದ ಕೆಂಪು ದಾಸವಾಳವನ್ನು ಕಿತ್ತು ಅಜ್ಜಿಯ ಕಿವಿಗೆ ಸಿಕ್ಕಿಸಿ ಹೇಳಿದರು: "ಇನ್ಮೇಲೆ ಯಾರಿಗೇ ಕಾಯಿಲೆ ಬರಲಿ, ಕೆಂಪು ಹೂ ಮುಡಿದೋಳು ಮಾತ್ರ ಮದ್ದು ಕೊಡ್ಬೇಕು. ಉಳಿದೋರು ಬಾಟ್ಲಿ ಮುಟ್ಟೋ ಹಾಗಿಲ್ಲ."

"ಮತ್ತೆ ನಾನೇನ್ ಮಾಡ್ಲಿ?" ಸಿಆ ಮುಖ ಸಪ್ಪಗಾಯಿತು.

"ಕಿತ್ತಳೆ ಎಲೆ ಚಹಾ ಕಾಯಿಸು. ಅದನ್ನ ಊರೇ ಬಂದು ಕುಡಿಸ್ಲಿ."

ಅಕ್ಕರೆಗೆ ಅಡ್ಡಬಾರದೆ ಮದ್ದಿಗೆ ಮಾತ್ರ ಕಾವಲಿಟ್ಟ ಆ ಉಪಾಯ ಮನೆಯಿಂದ ಮನೆಗೆ ಹಬ್ಬಿತು. ಇಂದಿಗೂ ಬೀದಿಯಲ್ಲಿ ಕೆಂಪು ಹೂವಿನ ಹೆಂಗಸು ಕಂಡರೆ, ಆ ಮನೆಯಲ್ಲಿ ಯಾರಿಗೋ ಕೆಮ್ಮಿದೆ, ಮದ್ದು ಒಂದೇ ಕೈಯಲ್ಲಿದೆ ಎಂದು ನಾನು ನಿರಾಳವಾಗುತ್ತೇನೆ.

ಲೂಪೆಯವರು ನೂರು ಕಾಲ ಬಾಳಲಿ; ಅವರ ಬುದ್ಧಿಮಾತು ನಮ್ಮ ಹಳ್ಳಿಗಳಿಗೆ ಹೀಗೆಯೇ ಸಿಗುತ್ತಿರಲಿ. ಆದರೆ ಅವರೇ ಎಂದಾದರೂ ಕೆಮ್ಮುತ್ತಾ ಸಿರಪ್ ಕೇಳಿ ಬಂದರೆ, ಗುರುವೆಂಬ ಗೌರವದಿಂದಲೇ ನಾನು ಮೊದಲು ಕೇಳುವೆ: "ಮನೇಲಿ ಇನ್ಯಾರು ಕೊಟ್ರು?"