ಸೋರುವ ಸುರುಳಿಗಳ ಸಾಲು

"ಅದು ನಡದ ದಿನ ಮೊದಲ ನಿಮಗ ತೋರಸ್ತೀನ್ರಿ ಕಾಕಾ. ನಮ್ಮ ಸರ್‌ಗೂ ಆಮ್ಯಾಲೆ."

ಸಂಶಿ ಊರಿನ ಮೋಟಾರ್ ವೈಂಡಿಂಗ್ ಅಂಗಡಿಗೆ, ತನ್ನ ಪ್ರಯೋಗಕ್ಕೆಂದು ತಾಮ್ರದ ತಂತಿ ಸುತ್ತುವುದನ್ನು ಕಲಿಯಲು ಬಂದಿದ್ದ ಹುಡುಗಿ, ಅಂಗಡಿಯ ಅಬ್ದುಲಮಜೀದರಿಗೆ ಹೀಗೆ ಮಾತು ಕೊಟ್ಟು ವರ್ಷಗಳೇ ಉರುಳಿವೆ. ಆ ಹುಡುಗಿ ಶೈಲಾ ಮೆಣಸಿನಕಾಯಿ ಈಗ ನಲವತ್ತರ ಆಸುಪಾಸು. ಕಾಲೇಜೊಂದರಲ್ಲಿ ಭೌತಶಾಸ್ತ್ರದ ಅತಿಥಿ ಉಪನ್ಯಾಸಕಿ.

ಇನ್ನೂ ಸರಿಯಾಗಿ ಬೆಳಕು ಹರಿದಿಲ್ಲ. ಶಟರ್ ಅರ್ಧ ಎತ್ತಿದೆ. ಬಿಚ್ಚಿಟ್ಟ ಪಂಪ್ ಮೋಟಾರುಗಳ ನಡುವೆ, ವಾರ್ನಿಶ್ ವಾಸನೆಯಲ್ಲಿ ಶೈಲಾ ಒಬ್ಬರೇ ಕೂತು ಕೂದಲಿನಂಥ ತಂತಿ ಸುತ್ತುತ್ತಿದ್ದಾರೆ. ಎದುರಿನ ಹಲಗೆಯ ಮೇಲೆ ಒಂದಕ್ಕೊಂದು ಜೋಡಿಸಿದ ಸುರುಳಿಗಳ ಉದ್ದನೆಯ ಸಾಲು. ಗಿರಾಕಿಗಳು ಬರುವತನಕ ಈ ಮೇಜು ಅವರದು.

ಅವರು ಓದುತ್ತಿರುವ ವಿಷಯಕ್ಕೆ ನಾನ್-ಹರ್ಮಿಷಿಯನ್ ವ್ಯವಸ್ಥೆಗಳು ಎಂದು ಹೆಸರು. ಪಠ್ಯಪುಸ್ತಕದ ಲೆಕ್ಕದಲ್ಲಿ ಶಕ್ತಿ ಎಲ್ಲಿಗೂ ಸೋರುವುದಿಲ್ಲ. ಲೋಕದಲ್ಲಿ ಸೋರದ ವಸ್ತುವೇ ಇಲ್ಲ. ಆ ಸೋರಿಕೆಯನ್ನೇ ಒಂದು ಕ್ರಮದಲ್ಲಿ ಇಟ್ಟರೆ? ತುದಿಗೊಂದು ದಪ್ಪ ತಂತಿಯ ಗಟ್ಟಿ ಸುರುಳಿ, ಆಮೇಲೆ ತೆಳು ತಂತಿಯ ಸೋರುವವು ಎರಡು, ಮತ್ತೆ ಗಟ್ಟಿಯವು ಎರಡು. ಎಡದಿಂದ ನೋಡಿದರೂ ಬಲದಿಂದ ನೋಡಿದರೂ ಅದೇ ಸಾಲು. ಆಗ ಅಲೆಯೊಂದು ತುದಿಯಲ್ಲೇ ನೆಲೆ ನಿಲ್ಲಬೇಕು, ಒಳಗೆ ಹರಿಯಬಾರದು. ನಡುವಿನ ಒಂದು ಸುರುಳಿ ತುಸು ಹೆಚ್ಚುಕಮ್ಮಿಯಾದರೂ ಅದು ಅಳಿಯದು.

"ಕೈಯಾಗಿನ ಬಳಿ ಸೊಟ್ಟ ಮಾಡ್ರಿ, ಅದರ ತೂತು ಹೋಗೂದಿಲ್ಲ. ರೊಟ್ಟಿ ಎಷ್ಟ ಬಡದ್ರೂ ಬಳಿ ಆಗೂದಿಲ್ಲ. ಸೊಟ್ಟಾದ್ರೂ ಅಳಿಯದ ಗುಣ, ಟೊಪಾಲಜಿ ಅಂದ್ರ ಅಷ್ಟ ನೋಡ್ರಿ," ಎನ್ನುತ್ತಾರೆ ಶೈಲಾ.

ಕೇಳುವವರು ಕಡಿಮೆ. ಮೋಟಾರ್ ಒಯ್ಯಲು ಬರುವ ಕನಕಪ್ಪ ಪ್ರತಿಸಲ ಸಾಲನ್ನು ನೋಡಿ, "ಅಕ್ಕಾರ, ಇದು ನೀರ ಎತ್ತತೈತೇನ್ರಿ?" ಎನ್ನುತ್ತಾನೆ.

"ಇಲ್ಲಪಾ."

"ಹಿಟ್ಟರ ಬೀಸತೈತೇನ್ರಿ?"

"ಅದೂ ಇಲ್ಲ."

"ಹಂಗಾರ ನನ್ನಂಗ ಐತಿ ಬಿಡ್ರಿ!"

ಶೈಲಾ ನಗುತ್ತಾರೆ. ಜೊತೆಗೆ ಓದಿದವರು ಬೇರೆ ಬೇರೆ ಕೆಲಸ ಹಿಡಿದರು, ಮಾರ್ಗದರ್ಶಕರು ನಿವೃತ್ತರಾದರು. "ಇದರ ಬಗ್ಗೆ ಮಾತಾಡಾಕ ಯಾರೂ ಇಲ್ರಿ. ಗೋಡಿಗೆ ಹೇಳಿದ್ರ ಗೋಡಿ ಹೂಂ ಅಂತೈತಿ. ತಪ್ಪ ಹೇಳಿದ್ರೂ ಹೂಂ ಅಂತೈತಿ. ಅದ ತ್ರಾಸ."

ಅರ್ಥವಾಗದಿದ್ದರೂ ಕೂತು ಕೇಳುತ್ತಿದ್ದವರು ಮಜೀದ ಕಾಕಾ ಒಬ್ಬರೇ. ಅವರ ಕೈಯಿಂದಲೇ ಎಡವಟ್ಟಾಯಿತು. ಹುಡುಗಿ ದುಡ್ಡಿಲ್ಲದೆ ತೆಳು ತಂತಿ ಹಾಕಿದ್ದಾಳೆಂದು ಮರುಗಿ, ಅವಳಿಲ್ಲದ ಹೊತ್ತಿನಲ್ಲಿ ಸೋರುವ ಸುರುಳಿಗಳನ್ನೆಲ್ಲ ಬಿಚ್ಚಿ, ದಪ್ಪ ತಾಮ್ರದಲ್ಲಿ ಅಗದಿ ಚೆಂದಗೆ ಸುತ್ತಿ, ಮೇಲೆ ಮೊದಲಿನಂತೆಯೇ ಟೇಪು ಹಾಕಿಟ್ಟರು. ಜೀವನವಿಡೀ ಸೋರಿಕೆಯನ್ನು ರೋಗವೆಂದೇ ತಿಳಿದ ಕೈ ಅದು. ಅಂದಿನಿಂದ ಸಾಲಿನಲ್ಲಿ ಯಾವ ಅಲೆಯೂ ತುದಿಗೆ ನಿಲ್ಲಲಿಲ್ಲ. ತನ್ನ ಲೆಕ್ಕವೇ ತಪ್ಪೆಂದು ಶೈಲಾ ಎಷ್ಟೋ ದಿನ ಕೊರಗಿದರು. ಸುರುಳಿ ಕಿತ್ತು ನೋಡಿದಾಗ ನಿಜ ತಿಳಿಯಿತು.

"ಲುಕ್ಸಾನ ಕಮ್ಮಿ ಮಾಡೂದು ನಾ ಕಲಿಸಿದ್ನಿ. ನೀ ಲುಕ್ಸಾನ ಬೇಕು ಅಂತೀಯಲ್ಲ! ಕೆಟ್ಟ ಕಾಯಿಲ್ ಸುತ್ತೂದು ನನ್ನ ಕೈಲೆ ಆಗೂದಿಲ್ಲ ಬೇಟಿ," ಎಂದರು ಕಾಕಾ. ತಾವು ಸುತ್ತಿದ್ದನ್ನು ಅವಳು ಬಿಚ್ಚತೊಡಗಿದ ಮೇಲೆ ಮಾತೇ ಬಿಟ್ಟರು.

ಈಗ, ಮತ್ತೆ ತೆಳು ತಂತಿಯಲ್ಲಿ ಸುತ್ತಿದ ಕೊನೆಯ ಸುರುಳಿ ಕೂತಿದೆ. ಸೋಮವಾರ ಇದನ್ನು ತಜ್ಞರೆದುರು ಇಡಬೇಕು. ಪಿಎಚ್.ಡಿ. ಸಂಶೋಧನೆಯ ಅವಧಿ ಮುಗಿಯುತ್ತ ಬಂದಿದೆ, ಇನ್ನೊಂದು ಅವಕಾಶವಿಲ್ಲ. ಅಲೆಯನ್ನು ಪರದೆಯ ಮೇಲೆ ತೋರಿಸುವ ಅಳತೆಯಂತ್ರದ ಮುಳ್ಳನ್ನು ತುದಿಯ ಸುರುಳಿಗೆ ತಾಗಿಸಿದರೆ ಗೆದ್ದಿದ್ದೋ ಸೋತಿದ್ದೋ ಗೊತ್ತಾಗುತ್ತದೆ. ಶೈಲಾ ತಾಗಿಸುವುದಿಲ್ಲ. ಕೈಕಟ್ಟಿ ಕೂರುತ್ತಾರೆ. ಬಿಸಿಲು ಶಟರ್ ದಾಟಿ ಒಳಗೆ ಬರುತ್ತದೆ.

ಕಾಕಾ ಬಂದು, ಮುಖ ನೋಡದೆ, ಮೊಳೆಗೆ ಚೀಲ ತೂಗುಹಾಕುತ್ತಾರೆ.

"ಬರ್ರಿ ಕಾಕಾ."

"ಮೋಟಾರ್ ಕೆಲಸ ಭಾಳ ಐತಿ."

"ಮುಳ್ಳ ನೀವ ಇಡ್ರಿ. ನಾ ಇನ್ನೂ ನೋಡಿಲ್ಲ."

ಅವರು ನಿಲ್ಲುತ್ತಾರೆ. "ಖರೇನ?"

ಬಂದು ತುದಿಗೆ ಮುಳ್ಳು ಇಡುತ್ತಾರೆ. ಅವರತ್ತ ತಿರುಗಿಸಿಟ್ಟ ಪರದೆಯ ಮೇಲೆ ಹಸಿರು ಅಲೆ ಎತ್ತರಕ್ಕೆ ಏಳುತ್ತದೆ. ಪಕ್ಕದ ಸುರುಳಿಗೆ ಇಟ್ಟರೆ ಗಿಡ್ಡ. ಅದರಾಚೆ ಬರೀ ಗೆರೆ. ಮತ್ತೆ ತುದಿಗೆ ಬರುತ್ತಾರೆ. ಅಲೆ ಅಲ್ಲೇ ಇದೆ.

"ಲುಕ್ಸಾನಕ್ಕೂ ಇಷ್ಟ ಶಿಸ್ತ ಇರತೈತೇನ ಬೇಟಿ?" ಎನ್ನುತ್ತಾರೆ. ಉತ್ತರಕ್ಕೆ ಕಾಯದೆ ಕನಕಪ್ಪನ ಮೋಟಾರಿನ ಮುಂದೆ ಹೋಗಿ ಕೂರುತ್ತಾರೆ.

ಆಮೇಲೆ ಶೈಲಾ ಪರದೆಯನ್ನು ತಮ್ಮ ಕಡೆ ತಿರುಗಿಸಿಕೊಳ್ಳುತ್ತಾರೆ. ಮೊದಲು ನೋಡಿದವರು ಅಬ್ದುಲಮಜೀದ. ಕೊಟ್ಟ ಮಾತು ನಡೆದಿದೆ.