ಕೊಸರಿನ ಸೂಡು

ಜಗತ್ತಿನಲ್ಲಿ ನಾನು ಸಂಶಯಪಡದೆ ಮನೆಗೆ ತಂದ ವಸ್ತು ಒಂದೇ: ಕೊಸರಿಗೆಂದು ಪುಕ್ಕಟೆ ಸಿಕ್ಕ ಹಕ್ಕರಕಿ ಸೊಪ್ಪಿನ ಸೂಡು. ದುಡ್ಡು ಕೊಟ್ಟು ಕೊಂಡ ಸೂಡನ್ನು ಬಿಚ್ಚಿ, ಕೊಡವಿ, ಎಲೆಯ ಬೆನ್ನು ತಿರುವಿ ಹುಳು ಹುಡುಕುವ ನಾವು, ಮೇಲೆ ಬಂದ ಸೂಡನ್ನು ಮಾತ್ರ ಪ್ರಸಾದದಂತೆ ಕಣ್ಣುಮುಚ್ಚಿ ಚೀಲಕ್ಕೆ ಇಳಿಸುತ್ತೇವೆ. ಬೇಕಾದರೆ ನಿಮ್ಮ ಚೀಲವನ್ನೇ ನೆನಪಿಸಿಕೊಳ್ಳಿ.

ನನ್ನದು ಕಾಳುಕಡಿಯ ವ್ಯಾಪಾರ. ನರಗುಂದದ ಹೆಸರುಕಾಳಾಗಲಿ ರೋಣದ ಜೋಳವಾಗಲಿ, ಚೀಲದ ಬಾಯಿಗಿಂತ ಮೊದಲು ತಳ ನೋಡಬೇಕೆಂಬುದು ನಾನು ಸ್ವಂತ ಪೆಟ್ಟು ತಿಂದು ಗಳಿಸಿದ ವೇದಾಂತ. ಸಂಜೆ ಗಜೇಂದ್ರಗಡದ ಬಸ್‌ಸ್ಟ್ಯಾಂಡಿನಲ್ಲಿ ಇಳಿದರೆ ಎದುರಿಗೇ ಮಾಬೂಬಿಯ ಸೊಪ್ಪಿನ ಬುಟ್ಟಿ. ಅವಳೊಡನೆ ದರಕ್ಕೆ ಒಂದಿಷ್ಟು ಜಗ್ಗಾಡದೆ ಮನೆಗೆ ಹೋದರೆ ನನಗೆ ಊಟ ರುಚಿಸುತ್ತಿರಲಿಲ್ಲ.

ಹೀಗಿರುವಾಗ ನನ್ನ ಹೆಂಡತಿ ಶಾಂತವ್ವನ ಹೃದಯದ ಕವಾಟ ಕೆಟ್ಟು, ಹುಬ್ಬಳ್ಳಿಯಲ್ಲಿ ಲೋಹದ ಕವಾಟ ಕೂಡಿಸಿದರು. ರಕ್ತ ಹೆಪ್ಪುಗಟ್ಟದಂತೆ ದಿನಾ ಗುಳಿಗೆ ನುಂಗುವುದು ಜೀವನಪೂರ್ತಿ ಗಂಟುಬಿತ್ತು. ರಕ್ತ ಗಟ್ಟಿಯಾದರೆ ಕವಾಟ ಕಚ್ಚಿಕೊಳ್ಳುವ ಭಯ, ತೀರ ತೆಳುವಾದರೆ ಒಳಗೊಳಗೇ ಸೋರುವ ಭಯ. ಇವೆರಡರ ನಡುವಿನ ಕಿರುದಾರಿಯಲ್ಲಿ ಅವಳ ಪ್ರಾಣ. ಪರೀಕ್ಷೆ ಮಾಡಿಸಿ, ಎಸ್‌ಟಿಡಿ ಬೂತಿನಿಂದ ಫೋನು ಹಚ್ಚಿ ಕೇಳಿದರೆ ಒಂದು ತಿಂಗಳು ಗಟ್ಟಿ, ಇನ್ನೊಂದು ತಿಂಗಳು ತೆಳು. ಡಾಕ್ಟರು ಗುಳಿಗೆ ಏರಿಸಿದರು, ಇಳಿಸಿದರು. ರಕ್ತ ಮಾತ್ರ ಯಾರ ಮಾತನ್ನೂ ಕೇಳಲೊಲ್ಲದು.

ನನ್ನ ಸಂಶಯ ಮೊದಲು ಹೋದದ್ದು ಗುಳಿಗೆಯ ಮೇಲೆ. ಅದೇ ಗುಳಿಗೆಯನ್ನು ಬೇರೆ ಬೇರೆ ಊರಿನ ಅಂಗಡಿಗಳಲ್ಲಿ ಕೊಂಡು, ಬಿಸಿಲಿಗೆ ಹಿಡಿದು ಬಣ್ಣ ತಾಳೆ ನೋಡಿದೆ. ಜೋಳವನ್ನು ಕಡಿದೇ ಹಸಿಯೋ ಒಣವೋ ಹೇಳುವ ನನ್ನ ಹಲ್ಲಿಗೆ ಅದನ್ನೂ ಕಡಿಯುವ ತುರಿಕೆಯಾದಾಗ ಶಾಂತವ್ವ ಕೈಯಿಂದ ಕಸಿದುಕೊಂಡಳು. ಆಮೇಲೆ ರಕ್ತ ತೆಗೆಯುವವರ ಮೇಲೆ ಸಂಶಯ. ಕಡೆಗೆ ಶಾಂತವ್ವನ ಮೇಲೆಯೇ. ನುಂಗುತ್ತಾಳೋ, ಹಿತ್ತಲಿಗೆ ಎಸೆಯುತ್ತಾಳೋ ಎಂದು ಎದುರಿಗೆ ಕುಳಿತೆ.

“ಬಾಯಿ ತಗದು ತೋರಸ್ಲೇನ್ರಿ, ಕಾಳಿನ ಚೀಲಾ ತೋರಸಿದಂಗ?” ಎಂದಳು.

ಮುಂದಿನ ಸಲ ಹುಬ್ಬಳ್ಳಿಯಲ್ಲಿ ಡಾಕ್ಟರು ಅವಳ ಊಟದ ವಿಚಾರ ಕೇಳಿದರು. ಗುಳಿಗೆಯ ಸೋಲನ್ನು ಅಡಿಗೆಮನೆಯ ತಲೆಗೆ ಕಟ್ಟುವ ಉಪಾಯವಿದು ಎಂದುಕೊಂಡು ನಾನು ಬಾಯಿ ತೆರೆಯುವಷ್ಟರಲ್ಲಿ ಶಾಂತವ್ವ ಶುರುಮಾಡಿದ್ದಳು:

“ರೊಟ್ಟಿ ಜೋಡಿ ಹಸೀ ಹಕ್ಕರಕಿ ತಪ್ಪಲಾ ತಿಂತೇನ್ರಿ. ಇವ್ರಿಗೆ ವ್ಯಾಪಾರದಾಗ ಲಾಭ ಆತಂದ್ರ ಒಂದ ಸೂಡ ತರ್ತಾರ. ಲುಕ್ಸಾನ ಆತಂದ್ರ ಆ ಸಿಟ್ಟಿಲೆ ಮಾಬೂಬಿ ಜೋಡಿ ಜಗ್ಗಾಡಿ, ಕೊಸರ ಹಚ್ಚಿ ಮೂರ ತರ್ತಾರ. ಒಗ್ಯಾಕ ಬರ್ತದೇನ್ರಿ? ನಾನ ತಿಂತೇನಿ.”

ಡಾಕ್ಟರು ಪೆನ್ನು ಕೆಳಗಿಟ್ಟರು. ಹಸಿರೆಲೆಯಲ್ಲಿರುವ ಒಂದು ಜೀವಸತ್ವ ರಕ್ತ ಹೆಪ್ಪುಗಟ್ಟಲು ನೆರವಾಗುತ್ತದಂತೆ; ಗುಳಿಗೆಯ ಕೆಲಸ ಅದಕ್ಕೆ ಅಡ್ಡಗಾಲು ಹಾಕುವುದು. ಸೊಪ್ಪು ಬಿಡುವುದು ಬೇಡ, ಆದರೆ ದಿನವೂ ಹೆಚ್ಚುಕಡಿಮೆ ಒಂದೇ ಅಳತೆ ಇರಲಿ. ನೋವಿನ ಗುಳಿಗೆಯಾಗಲಿ ನಾಟಿ ಔಷಧವಾಗಲಿ ಕೇಳದೆ ಬೇಡ. ಗುಳಿಗೆಯ ಪ್ರಮಾಣ ನೀವೇ ಬದಲಿಸಬೇಡಿ ಎಂದರು. ನರಗುಂದದ ಪೇಟೆಯಲ್ಲಿ ಹೆಸರುಕಾಳಿನ ಧಾರಣೆ ಕುಸಿದಾಗಲೆಲ್ಲ ಗಜೇಂದ್ರಗಡದ ನನ್ನ ಮನೆಯಲ್ಲಿ ಹೆಂಡತಿಯ ರಕ್ತ ಗಟ್ಟಿಯಾಗುತ್ತಿತ್ತು. ಊರೆಲ್ಲರ ಚೀಲದ ತಳ ಶೋಧಿಸಿದವನು ನನ್ನ ಕೈಚೀಲದ ತಳ ನೋಡಿರಲಿಲ್ಲ.

ಅಂದಮೇಲೆ ನನ್ನ ಸಲಹೆ ಕೇಳಿ. ದವಾಖಾನೆಗೆ ಹೋಗುವಾಗ ಗುಳಿಗೆಯ ಚೀಟಿಯೊಂದಿಗೆ ನಿಮ್ಮ ತಾಟಿನ ಸುದ್ದಿಯನ್ನೂ ಒಯ್ಯಿರಿ. ಯಾವ ಗುಳಿಗೆ ಚಹಾಕ್ಕೆ ಆಗದು, ಯಾವುದು ಹಾಲಿಗೆ ಆಗದು ಎಂದು ನಾಚದೆ ಕೇಳಿರಿ. ಇದು ಪುಕ್ಕಟೆ ಸಲಹೆ. ಆದ್ದರಿಂದ ಇದರ ಬೆನ್ನನ್ನೂ ಒಮ್ಮೆ ತಿರುವಿ ನೋಡಿರಿ.

ಆ ಸಂಜೆ ಮಾಬೂಬಿ ಒಂದು ಸೂಡು ಕೊಟ್ಟು, ನಾನು ಕೇಳುವ ಮೊದಲೇ ಕೊಸರಿಗೆ ಇನ್ನೊಂದನ್ನು ಎತ್ತಿದಾಗ ನಾನು ಚೀಲದ ಬಾಯಿಗೆ ಅಂಗೈ ಅಡ್ಡ ಹಿಡಿದೆ. ಅವಳು ನನ್ನನ್ನೊಮ್ಮೆ, ಸೂಡನ್ನೊಮ್ಮೆ ನೋಡಿದಳು.

“ಯಾಕ್ರಿ ಸಾವಕಾರ್ರ, ಕೊಸರ ಬ್ಯಾಡಂತೀರಿ? ತಪ್ಪಲಕ್ಕ ಏನಾಗೇತ್ರಿ?”

ಏನೂ ಆಗಿಲ್ಲ ಎಂದರೂ ನಂಬಲಿಲ್ಲ. ಶಾಂತವ್ವನ ರಕ್ತ ಈಗ ತಿಂಗಳುಗಳಿಂದ ದಾರಿ ತಪ್ಪಿಲ್ಲ. ಆದರೆ ಇಂದಿಗೂ ದಿನಾ ನಾನು ಒಂದೇ ಸೂಡು ಹಿಡಿದು ಹೊರಟ ಕೂಡಲೇ ಮಾಬೂಬಿ ನಾನು ಬೇಡವೆಂದ ಕೊಸರಿನ ಸೂಡನ್ನು ಬಿಚ್ಚಿ, ಕೊಡವಿ, ಒಂದೊಂದೇ ಎಲೆಯ ಬೆನ್ನು ತಿರುವುತ್ತಾಳೆ. ಏನೂ ಕಾಣದ್ದಕ್ಕೇ ಸಂಶಯ ಬಲವಾಗಿ, ಅದನ್ನು ಬುಟ್ಟಿಯಿಂದ ಆಚೆಗೆ ಇಡುತ್ತಾಳೆ.