ಮಾದೇವಿಯ ಹೊಟ್ಟೆಕಿಚ್ಚು

ಮಾದೇವಿಗೆ ಗೌಡರ ಹೆಂಡತಿ ಶಾರದವ್ವನ ಮೇಲಿದ್ದ ಹೊಟ್ಟೆಕಿಚ್ಚು ನಮ್ಮೂರಿಗೆಲ್ಲ ಗೊತ್ತು. ಇಬ್ಬರೂ ಒಂದೇ ವರ್ಷ ಮದುವೆಯಾಗಿ ಬಂದವರು. ಒಬ್ಬಳು ಗೌಡರ ದೊಡ್ಡ ಮನೆ ವಾಡೆಗೆ, ಇನ್ನೊಬ್ಬಳು ಊರ ಹೊರಗಿನ ಕೇರಿಗೆ. ಮೂವತ್ತು ವರ್ಷ ಮಾದೇವಿ ಆ ವಾಡೆಯ ಹಿತ್ತಲಲ್ಲಿ ಮೆಣಸಿನಕಾಯಿ ತೊಟ್ಟು ಬಿಡಿಸಿದಳು, ಬೇರೆ ಇಟ್ಟ ಲೋಟದಲ್ಲಿ ಚಹಾ ಕುಡಿದಳು. ಶಾರದವ್ವ ಹೊಸ ಸೀರೆ ಉಟ್ಟ ದಿನ ಅವಳಿಗೆ ರೊಟ್ಟಿ ಸೇರುತ್ತಿರಲಿಲ್ಲ.

ಹೋದ ವರ್ಷ ಇಬ್ಬರಿಗೂ ಒಂದೇ ತೊಂದರೆ ಶುರುವಾಯಿತು. ಮುಟ್ಟು ನಿಂತು ಎಷ್ಟೋ ಕಾಲವಾದ ಮೇಲೆ ಮತ್ತೆ ರಕ್ತ. ಹಿತ್ತಲಲ್ಲಿ ಒಬ್ಬರಿಗೊಬ್ಬರು ಹೇಳಿಕೊಂಡರಂತೆ. ಮೊದಲು ಬಾಯಿಬಿಟ್ಟದ್ದು ಮಾದೇವಿಯೇ.

ನಾನು ಮಹಾನಂದಾ, ಊರಿನ ಆಶಾ ಕಾರ್ಯಕರ್ತೆ, ಗೌಡರ ಓಣಿಯವಳೇ. ಗರ್ಭಕೊರಳಿನ ಕ್ಯಾನ್ಸರ್ ತಪಾಸಣೆಯ ಶಿಬಿರವನ್ನು ಮಠದ ಸಭಾಭವನದಲ್ಲಿ ಇಡಿಸಿದವಳು ನಾನು. ಫ್ಯಾನಿತ್ತು, ನೀರಿತ್ತು, ಪರದೆಯಿತ್ತು. ರಕ್ತ ಹೋಗುವವರನ್ನು ಹುಡುಕುವ ಶಿಬಿರ, ಅಂಥವರು ಕಾಲಿಡದ ಮಠದಲ್ಲಿ! ಸುಡುಗಾಡು ತಲೆ ನನ್ನದು, ಹೊಳೆಯಲೇ ಇಲ್ಲ.

ಇಬ್ಬರೂ ಬರಲಿಲ್ಲ. ಶಾರದವ್ವನ ಸೊಸೆ ಮಾತ್ರ ನನ್ನ ಕಿವಿಯಲ್ಲಿ ವಿಷಯ ಹೇಳಿದಳು. ಕೂಡಲೇ ಡಾಕ್ಟರನ್ನು ವಾಡೆಗೇ ಕರೆದೊಯ್ದೆ. ಹಿತ್ತಲ ಬಾಗಿಲಲ್ಲಿ ಮಾದೇವಿ ಕೂತಿದ್ದಳು.

"ಸರದ ಕುಂದರ ಬೇ ಮಾದೇವಿ, ಡಾಕ್ಟರ್ ಬಾಯಾರು ಬರಾಕತ್ತಾರ," ಎಂದೆ. ಅವಳು ಸರಿದಳು. ನಿನಗೇನಾದರೂ ಇದೆಯಾ ಎಂದು ನಾನು ಕೇಳಲಿಲ್ಲ.

ಮರುದಿನವೇ ಶಾರದವ್ವ ಕಾರಿನಲ್ಲಿ ಹುಬ್ಬಳ್ಳಿಗೆ ಹೋದಳು. ಮೊದಲ ಹಂತ. ಆಪರೇಷನ್ ಆಯಿತು, ಎರಡು ತಿಂಗಳಲ್ಲಿ ಓಡಾಡತೊಡಗಿದಳು. ನೋಡಲು ಬಂದವರು ತಂದ ಸೇಬು, ಎಳನೀರು ಪಡಸಾಲೆಯಲ್ಲಿ ರಾಶಿಬಿದ್ದವು. ಆ ರಾಶಿ ಕಂಡು ಮಾದೇವಿ ಉರಿದುಹೋದಳು.

ಅವಳಿಗೂ ಅದೇ ತೊಂದರೆ ಇದ್ದದ್ದು ನನಗೆ ಗೊತ್ತಾದದ್ದು ಎಂಟು ತಿಂಗಳ ಮೇಲೆ, ಅವಳು ಸೊಂಟ ಎತ್ತಲಾಗದೆ ಮಲಗಿದಾಗ.

"ಬ್ಯಾನಿ ಇಬ್ಬರಿಗೂ ಬಂತ್ರಿ ಅಕ್ಕಾರ, ಡಾಕ್ಟರ್ ಒಬ್ಬಾಕಿಗೆ ಬಂದ್ರು."

"ಶಿಬಿರಕ್ಕ ಯಾಕ ಬರ್ಲಿಲ್ಲ ಬೇ?" ನನಗೆ ಸಿಟ್ಟೇ ಬಂದಿತ್ತು.

"ಮೊದಲ ನಮ್ಮನ್ನ ಮಠದ ಕಟ್ಟಿ ಹತ್ತಸೂದಿಲ್ಲ. ಅದರಾಗ ಮೈಲಿಗಿ ಬ್ಯಾರೆ. ಗೌಡಸಾನಿನ ಬರ್ಲಿಲ್ಲ, ನಾ ಬರ್ಲೇನ್ರಿ?"

ನನ್ನ ಸಿಟ್ಟು ಎಲ್ಲಿಗೆ ಹೋಯಿತೋ. ಬಸ್ಸಿನಲ್ಲಿ ನಾನೇ ಅವಳನ್ನು ಹುಬ್ಬಳ್ಳಿಗೆ ಕರೆದುಕೊಂಡು ಹೋದೆ. ಪರೀಕ್ಷೆ ಮಾಡಿದ ಡಾಕ್ಟರು, ಮೂರನೇ ಹಂತ, ತಡವಾಗಿದೆ, ಇನ್ನು ಆಪರೇಷನ್ ಆಗದು, ವಿಕಿರಣದ ಕರೆಂಟ್ ಕೊಟ್ಟು ನೋಡೋಣ ಎಂದು ನಿಧಾನವಾಗಿ ಬಿಡಿಸಿ ಹೇಳಿದರು.

ಹೊರಗೆ ಬೆಂಚಿನ ಮೇಲೆ ಕೂತ ಮಾದೇವಿ ಕೇಳಿದ್ದು ಒಂದೇ ಮಾತು.

"ಶಾರದವ್ವಗ ಎಷ್ಟನೇದಿತ್ರಿ ಅಕ್ಕಾರ?"

"ಒಂದನೇದು."

ಮಾದೇವಿ ನನ್ನ ಮುಖ ನೋಡಿ ನಕ್ಕಳು.

"ಜಲ್ಮದಾಗ ಇದೊಂದರಾಗ ನೋಡ್ರಿ, ಗೌಡಸಾನಿಗಿಂತ ನನಗ ಹೆಚ್ಚು ಸಿಕ್ಕೈತಿ."